ಹದಿನೈದರ ವೇಗದಲ್ಲಿ

ಸನತ್‌ನಗರ ಸ್ಟೇಷನ್ ಬಿಟ್ಟ ಮೇಲೆ ರೈಲು ಹದಿನೈದು ಕಿಲೋಮೀಟರ್ ವೇಗಕ್ಕಿಳಿಯಿತು. ಇಳಿಯುತ್ತದೆಂದು ನನಗೆ ಗೊತ್ತಿತ್ತು. ಹಳಿ ರಿಪೇರಿಯಾದ ಜಾಗದಲ್ಲಿ ವೇಗಮಿತಿಯ ಹಳದಿ ಬೋರ್ಡು ನೆಟ್ಟವನು ನಾನೇ. ಅರ್ಧ ಕಿಲೋಮೀಟರಿನಾಚೆ ಮಿತಿ ಮುಗಿಯುವ ಬೋರ್ಡೂ ಇದೆ, ಅದು ಕಂಡ ಕೂಡಲೇ ಗಾಡಿ ಓಡುತ್ತದೆ ಎಂದು ಮಗಳು ಭಾಗ್ಯಶ್ರೀಗೆ ಜಂಬದಿಂದ ಹೇಳಿದೆ.

ಅವಳಿಗೆ ಸುಲ್ತಾನ್ ಬಜಾರಿನಲ್ಲಿ ನರ್ಸಿಂಗ್ ಪ್ರವೇಶ ಪರೀಕ್ಷೆ. ಒಂಬತ್ತೂಮುಕ್ಕಾಲಿಗೆ ಗೇಟು ಹಾಕುತ್ತಾರೆ. ಒಂದು ನಿಮಿಷ ತಡವಾದರೂ ಒಂದು ವರ್ಷ ಹೋದಂತೆ.

ಎರಡನೇ ಬೋರ್ಡು ಕಿಟಕಿಯ ಪಕ್ಕ ಬಂತು. ಬರೀ ತಗಡು. ದಾಟಿದ ಮೇಲೆ ತಿರುಗಿ ನೋಡಿದರೆ ಅಕ್ಷರ ಕಂಡವು. ಬೆಳಗಿನ ಜಾವ ನಮ್ಮ ಕೆಲಸದವರ ಟ್ರಾಲಿ ಹಳಿಯ ಮೇಲೆ ಎದುರು ದಿಕ್ಕಿನಿಂದ ಬಂದಿತ್ತು. ನಾನು ಬಂದ ಕಡೆಗೇ ಮುಖ ಮಾಡಿ ಬೋರ್ಡು ನೆಟ್ಟಿದ್ದೆ, ದಡ್ಡ. ಮೊದಲಿನದನ್ನು ಮೇಸ್ತ್ರಿ ನಿಂತು ಹಾಕಿಸಿದ್ದ. ಇದನ್ನು ಯಾರೂ ನೋಡಿರಲಿಲ್ಲ.

ಬೋರ್ಡು ಕಾಣದೆ ಡ್ರೈವರ್ ವೇಗ ಏರಿಸುವಂತಿಲ್ಲ. ಗಾಡಿ ತೆವಳುತ್ತಲೇ ಇತ್ತು. ಬೆಳಗಿನಿಂದ ಎಲ್ಲ ಗಾಡಿಯೂ ಹೀಗೇ ಎಂದು ಜನ ತೆಲುಗಿನಲ್ಲಿ ಬೈಯುತ್ತಿದ್ದರು. ಬಾಗಿಲ ಪಕ್ಕದಲ್ಲಿ ಡ್ರೈವರನೊಡನೆ ಮಾತಾಡುವ ಗುಂಡಿ ಇತ್ತು. ಒತ್ತಿದರೆ ಹೆಸರು ಹೇಳಬೇಕು, ಹೇಳಿದರೆ ಗುತ್ತಿಗೆದಾರ ಕೆಲಸದ ಪಾಸು ಕಸಿದುಕೊಂಡು ಮನೆಗೆ ಅಟ್ಟುತ್ತಾನೆ. ಮುಂದೆ ಯಾರಾದರೂ ಕಂಡುಹಿಡಿದಾರು ಎಂದು ಕಾದೆ. ಮಗಳು ಗಡಿಯಾರ ನೋಡುತ್ತಿದ್ದಳು, ನನ್ನನ್ನಲ್ಲ. ಅದೇ ಭಾಳ ಸಂಕಟವಾಯಿತು.

ಹತ್ತು ನಿಮಿಷದ ಮೇಲೆ ಎದ್ದು ಗುಂಡಿ ಒತ್ತಿದೆ.

"ನಾನು ದ್ಯಾವಪ್ಪ ಅಂತ, ಬೋರ್ಡ್ ಹಾಕಿದಾಂವ ನಾನಽ. ಮಿತಿ ಮುಗಿಯೋ ಬೋರ್ಡ್ ಹಿಂದಽ ಹೋತ್ರಿ. ಉಲ್ಟಾ ಹಾಕೀನಿ."

ಆತಂಕದಲ್ಲಿ ಕನ್ನಡವೇ ಬಂದಿತ್ತು. ಮತ್ತೆ ಹಿಂದಿಯಲ್ಲಿ ಹೇಳಿದೆ. ಡ್ರೈವರ್ ನನ್ನ ಹೆಸರು ಬರೆದುಕೊಂಡು ಕಂಟ್ರೋಲ್ ರೂಮನ್ನು ಕೇಳಿದ. ಎರಡೇ ನಿಮಿಷದಲ್ಲಿ ಅಪ್ಪಣೆ ಬಂತು, ಗಾಡಿ ಓಡಿತು. ಇಷ್ಟೇ ಸುಲಭವಾಗಿತ್ತು.

ಸ್ಟೇಷನ್ನಿನಿಂದ ಓಡಿದೆವು. ಒಂಬತ್ತು ನಲವತ್ತೇಳು. ಗೇಟಿಗೆ ಬೀಗ ಬಿದ್ದಿತ್ತು. ಒಳಗಿದ್ದ ಕಾವಲುಗಾರನಿಗೆ ಕೈ ಮುಗಿದೆ, ಅವನು ಆಗದೆಂದು ತಲೆಯಾಡಿಸಿ ಆಚೆ ಹೋದ.

ಭಾಗ್ಯಶ್ರೀ ಅಳಲಿಲ್ಲ.

"ಗೊತ್ತಿದ್ದೂ ಅಷ್ಟೊತ್ತು ಯಾಕ ಸುಮ್ಮ ಕುಂತಿದ್ದೆಪ್ಪಾ?"

ಕೆಲಸ ಹೋಗುತ್ತಿತ್ತು ಎನ್ನಲು ಬಾಯಿ ತೆರೆದೆ. ಕೆಲಸ ಹೇಗೂ ಹೋಗಿತ್ತು.