ಏಳದ ಮುಳ್ಳು

ಮಲ್ಲಸಮುದ್ರದ ಹತ್ತಿರದ ಎಣ್ಣೆ ಕಾರ್ಖಾನೆಗೆ ದಾದಾಪೀರ ತಪಾಸಣೆಗೆಂದು ಮೊದಲ ಸಲ ಬಂದದ್ದು ೧೯೮೪ರ ಮಾರ್ಚಿನಲ್ಲಿ. ಲಕ್ಷ್ಮೇಶ್ವರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು ಈಗ ಗ್ಯಾಸ್ ಪತ್ತೆಯ ಯಂತ್ರ ಮಾರುವ ಕಂಪನಿಯ ಮೆಕ್ಯಾನಿಕ್. ಅವನನ್ನು ನೋಡಿ ಪದ್ಮಾಬಾಯಿಗೆ ಅಂಥ ಭರವಸೆಯೇನೂ ಹುಟ್ಟಲಿಲ್ಲ.

ಅವಳು ಅಲ್ಲಿಯ ಕೆಮಿಸ್ಟ್. ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಅವರು ಹೆಕ್ಸೇನ್ ಹಾಕಿ ತೆಗೆಯುತ್ತಿದ್ದರು. ಹೆಕ್ಸೇನ್ ಅಂದರೆ ಪೆಟ್ರೋಲಿನ ಹಾಗೆ ಭಗ್ಗನೆ ಹೊತ್ತಿಕೊಳ್ಳುವ ಪದಾರ್ಥ. ಅದರ ಆವಿ ಗಾಳಿಗಿಂತ ಭಾರ; ಸೋರಿದರೆ ತಿಳಿಯಲೆಂದು ಪಂಪುಮನೆಯ ಗೋಡೆಗೆ, ನೆಲದಿಂದ ಗೇಣೆತ್ತರದಲ್ಲಿ, ಮುಷ್ಟಿಗಾತ್ರದ ಸೆನ್ಸರ್ ಕೂರಿಸಿದ್ದರು. ಅದಕ್ಕೆ ಜೋಡಿಸಿದ ಮುಳ್ಳು ಹೊರಗಿನ ಪ್ಯಾನೆಲ್ ಕೋಣೆಯಲ್ಲಿತ್ತು. ಆವಿ ಹೊತ್ತಿಕೊಳ್ಳುವ ಮಟ್ಟವನ್ನು ನೂರೆಂದು ಹಿಡಿದರೆ, ಮುಳ್ಳು ಇಪ್ಪತ್ತಕ್ಕೆ ಏರಿದಾಗಲೇ ಗಂಟೆ ಹೊಡೆಯಬೇಕು.

"ಐದು ತಿಂಗಳಿಂದ ಮುಳ್ಳು ಸೊನ್ನಿ ಮ್ಯಾಲೇ ಅದ. ಒಂದು ತಕರಾರಿಲ್ಲ," ಎಂದಳು ಪದ್ಮಾಬಾಯಿ ಹೆಮ್ಮೆಯಿಂದ.

"ಒಮ್ಮೆನೂ ಅಳ್ಳಾಡಿಲ್ಲೇನ್ರಿ ಬಾಯಾರ? ಟ್ಯಾಂಕರ್ ಖಾಲಿ ಮಾಡುಮುಂದ ಸುದ್ದಾ?"

ಟ್ಯಾಂಕರ್ ಖಾಲಿ ಮಾಡುವಾಗ ಒಂದಿಷ್ಟು ಆವಿ ಹೊರಬರುವುದು ಅವಳಿಗೂ ಗೊತ್ತಿತ್ತು; ತಿರುಗಿ ಮುಳ್ಳನ್ನು ನೋಡಿದಳು.

ದಾದಾಪೀರ ಹೆಗಲಿಗೆ ತೂಗುಹಾಕಿದ ತನ್ನ ಸಣ್ಣ ಮೀಟರ್ ಚಾಲೂ ಮಾಡಿ, ಪಂಪುಮನೆಯ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಅದರ ರಬ್ಬರ್ ಕೊಳವೆಯನ್ನು ನೆಲದ ಹತ್ತಿರ ಹಿಡಿದ. ಮೀಟರಿನ ಮುಳ್ಳು ಸರ್ರನೆ ಮೂವತ್ತಕ್ಕೆ ಏರಿತು. ಒಳಗೆ ಆವಿಯಿತ್ತು; ಪ್ಯಾನೆಲ್ಲಿನ ಮುಳ್ಳು ಮಾತ್ರ ಸೊನ್ನೆಯಲ್ಲೇ ಮಲಗಿತ್ತು.

"ಬಾಯಾರ, ಒಳಗಿನ ಸ್ವಿಚ್ ಒಂದೂ ಮುಟ್ಟಬ್ಯಾಡ್ರಿ. ಹೊರಗಿಂದ ಪ್ಲಾಂಟ್ ನಿಲ್ಲಸ್ರಿ, ಜಲ್ದಿ!"

ಮ್ಯಾನೇಜರ್ ಶ್ರೀಪಾದರಾಯರು ಧಾವಿಸಿ ಬಂದರು. "ಒಮ್ಮೆ ನಿಂತರ ಮತ್ತ ಶುರು ಮಾಡ್ಲಿಕ್ಕೆ ಎಂಟು ತಾಸು ಬೇಕು. ಮೊದಲ ನಿನ್ನ ಮೀಟರ್ ಖರೆ ಅದನೋ ಇಲ್ಲೋ ನೋಡು!"

ಪದ್ಮಾಬಾಯಿ ಅವರ ಮುಖ ನೋಡಲಿಲ್ಲ. ನೇರ ಪ್ಯಾನೆಲ್ ಕೋಣೆಗೆ ಹೋಗಿ ಕೆಂಪು ಗುಂಡಿ ಒತ್ತಿಬಿಟ್ಟಳು.

ಗಾಳಿಯಾಡಿ ಮೀಟರ್ ಸೊನ್ನೆಗಿಳಿದ ಮೇಲೆ ಒಳಗೆ ಹೋದರು. ಪಂಪಿನ ತಿರುಗುವ ದಂಡದ ಸುತ್ತಲಿಂದ ಹೆಕ್ಸೇನ್ ತೊಟ್ಟಿಕ್ಕಿತ್ತು. ಶ್ರೀಪಾದರಾಯರು ಹಣೆ ಒರೆಸಿಕೊಂಡರು.

ದಾದಾಪೀರ ಸಣ್ಣ ಸಿಲಿಂಡರಿನಿಂದ ಪರೀಕ್ಷೆಯ ಗ್ಯಾಸನ್ನು ಸೆನ್ಸರಿಗೆ ಬಿಟ್ಟ. ಮುಳ್ಳು ಏಳಲಿಲ್ಲ. ಅದೇ ತಂತಿಗೆ ಹೊಸ ಸೆನ್ಸರ್ ಕಟ್ಟಿ ಅದೇ ಗ್ಯಾಸ್ ಬಿಟ್ಟ. ಮುಳ್ಳು ಐವತ್ತಕ್ಕೆ ಹಾರಿತು, ಗಂಟೆ ಹೊಡೆದುಕೊಂಡಿತು.

"ತಂತಿ ಛಲೋ ಐತಿ, ಪ್ಯಾನೆಲ್ ಛಲೋ ಐತಿ. ಸೆನ್ಸರ್ ಸತ್ತೈತಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ಅವನು ಯಾಕೆ ಸತ್ತಿತೆಂದು ಹುಡುಕತೊಡಗಿದ. ಪಕ್ಕದ ಬಾಗಿಲಿನ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿದಾಗ ಜಿಡ್ಡು ಅಂಟಿತು.

ಫಿಟ್ಟರ್ ಲಕ್ಷ್ಮಪ್ಪ ತಲೆ ತಗ್ಗಿಸಿದ. "ನಾನ ಹಚ್ಚೀನ್ರಿ. ಸಿಲಿಕೋನ್ ಗ್ರೀಸು. ರಬ್ಬರ್ ಒಣಗಬಾರದಂತ."

"ಅದು ಈ ಸೆನ್ಸರಿಗೆ ವಿಷರೀ ಅಣ್ಣಾರ. ಡಬ್ಬಿ ಮ್ಯಾಲ ಯಾರೂ ಬರದಿಲ್ಲ, ನಿಮಗರ ಹೆಂಗ ಗೊತ್ತಾಗಬೇಕು?" ಎಂದ ದಾದಾಪೀರ. ಆಮೇಲೆ ಪದ್ಮಾಬಾಯಿಯ ಕಡೆ ತಿರುಗಿದ. "ವಾರಕ್ಕೊಮ್ಮೆ ಗ್ಯಾಸ್ ಬಿಟ್ಟು ನೋಡ್ರಿ ಬಾಯಾರ. ಮುಳ್ಳು ಎದ್ದರ ಸೆನ್ಸರ್ ಜೀವಂತ ಐತಿ."

ಅವನಲ್ಲಿ ಗದ್ದಲವೂ ಇರಲಿಲ್ಲ, ಗೆದ್ದೆನೆಂಬ ಬಿಂಕವೂ ಇರಲಿಲ್ಲ. ಪದ್ಮಾಬಾಯಿ ಆ ಪರೀಕ್ಷೆಯನ್ನು ಎರಡು ಸಲ ಅವನಿಂದ ಮಾಡಿಸಿ ನೋಡಿದಳು, ಮೂರನೆಯ ಸಲ ತಾನೇ ಮಾಡಿದಳು. ಶ್ರೀಪಾದರಾಯರು ಚಹಾ ತರಿಸಿ, "ಕುಂಡ್ರಿ ದಾದಾಪೀರ," ಎಂದು ಕುರ್ಚಿ ಎಳೆದುಕೊಟ್ಟರು.

ಸಂಜೆ ಅವನು ಮುಂಡರಗಿಯ ಬಸ್ಸಿಗೆ ಹೊರಟಾಗ, ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ದೊಡ್ಡವನಾದ ಲಕ್ಷ್ಮಪ್ಪ, ಬೇಡವೆಂದರೂ ಕೇಳದೆ ಅವನ ರಿಪೇರಿ ಹತ್ಯಾರಗಳ ಚೀಲ ಹೊತ್ತುಕೊಂಡು ರಸ್ತೆಯತನಕ ಹೋದ.