ಎರಡನೆಯ ಬೀಗದಕೈ

ಬೀಗ ರಿಪೇರಿಯವನಿಗೆ ಅಂಗಡಿಯೆಂದರೆ ಅವನ ವ್ಯಾನು. ಬೀಗದಕೈ ಕೊರೆಯುವ ಯಂತ್ರ, ಅರಗಳು, ಗೋಡೆಗೆ ತೂಗುವ ಇನ್ನೂ ಹಲ್ಲು ಕೊರೆಯದ ಬೀಗದಕೈಗಳ ಗೊಂಚಲು, ಎಲ್ಲವೂ ಅದರ ಹೊಟ್ಟೆಯೊಳಗೆ. ಬಾಗಿಲು ಮುಚ್ಚಿಹೋಗಿ ಬೀದಿಯಲ್ಲಿ ನಿಂತವರು ಕರೆದರೆ ವ್ಯಾನು ಅಲ್ಲಿಗೆ ಹೋಗಬೇಕು. ಹೋಗದಿದ್ದರೆ ಅವನ ಮನೆಯ ಒಲೆ ಉರಿಯದು.

ಮಣಿಕಟ್ಟು ಮುರಿದುಕೊಂಡು ಕುಳಿತ ತಿಂಗಳುಗಳಲ್ಲಿ ವ್ಯಾನಿನ ಸಾಲದ ಕಂತು ತಪ್ಪಿತು. ಮೂಳೆ ಕೂಡಿಕೊಂಡಿತು, ತಪ್ಪಿದ ಕಂತುಗಳು ಹಾಗೆಯೇ ಉಳಿದವು. ಸಾಲ ಕೊಟ್ಟ ಕಂಪನಿಯವರು ಗಾಡಿ ಎಳೆದೊಯ್ಯುತ್ತೇವೆಂದು ಫೋನಿನಲ್ಲಿ ಗದರಿಸತೊಡಗಿದಾಗ ಅವನು ಪರಿಚಯದ ವಕೀಲನನ್ನು ಕಂಡ. ವಕೀಲನ ಕಚೇರಿಯ ಕಬ್ಬಿಣದ ಕಪಾಟು ಹಠ ಹಿಡಿದಾಗಲೆಲ್ಲ ಅದನ್ನು ಒಲಿಸಿಕೊಟ್ಟವನು ಇವನೇ ಆದ್ದರಿಂದ ಸಲಹೆಗೆ ಶುಲ್ಕವಿರಲಿಲ್ಲ.

ವಕೀಲ ಬಿಡಿಸಿ ಹೇಳಿದ. ರಸ್ತೆಯಲ್ಲಿ ನಿಂತ ಗಾಡಿಯ ಮಾತು ಬೇರೆ, ಮನೆಯ ಅಂಗಳದಲ್ಲಿ ನಿಂತ ಗಾಡಿಯ ಮಾತು ಬೇರೆ. ಮುಚ್ಚಿದ ಗೇಟನ್ನು ಅವರು ಒಡೆಯಕೂಡದು, ಹಾರಿಯೂ ಬರಕೂಡದು. ಮನೆಯವರು ಎದುರು ನಿಂತು ಬೇಡವೆಂದರೆ ಹಿಂದಿರುಗಿ, ನ್ಯಾಯಾಲಯದ ಆದೇಶ ಹಿಡಿದೇ ಬರಬೇಕು. ಅಷ್ಟರಲ್ಲಿ ಕಂತು ಹೊಂದಿಸಿಕೊಳ್ಳಬಹುದು.

"ಮನೆಯವರೇ ಗೇಟು ತೆಗೆದುಕೊಟ್ರೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ ನೋಡಿ," ಎಂದ.

"ನಮ್ಮನೇಲಿ ಅಂಥೋರು ಯಾರಿದ್ದಾರೆ ಸಾರ್?" ಎಂದು ಬೀಗದವನು ನಕ್ಕ.

ಆ ಸಂಜೆಯೇ ಗೇಟಿಗೆ ತನ್ನ ಬಳಿಯಿದ್ದ ಅತಿ ಗಟ್ಟಿ ಬೀಗವನ್ನು ಕೂರಿಸಿದ. ಜೊತೆಗೆ ಎರಡು ಬೀಗದಕೈ ಮಾಡಿದ. ಎರಡು ಮಾಡದೆ ಯಾವ ಬೀಗವನ್ನೂ ಬಾಗಿಲಿಗೆ ಹಾಕಬಾರದೆಂಬುದು ಕಸುಬು ಕಲಿಸಿದ ತಂದೆಯ ಕಟ್ಟಪ್ಪಣೆ. ಅದನ್ನು ಅವನು ಎಂದೂ ಮೀರಿದವನಲ್ಲ. ಎರಡನೆಯದನ್ನು ಮಹಡಿಯಲ್ಲಿದ್ದ ಅಣ್ಣನಿಗೆ ಕೊಟ್ಟ. ಅಂಗಳ ಇಬ್ಬರದೂ ಆಗಿತ್ತು. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣನ ಕಾರು ವ್ಯಾನಿನ ಹಿಂದೆ ನಿಲ್ಲುತ್ತಿತ್ತು. ಬೆಳಿಗ್ಗೆ ತಮ್ಮನು ವ್ಯಾನನ್ನು ಸರಿಸಿದ ಮೇಲೆಯೇ ಅದು ಹೊರಬೀಳಬೇಕು. ಈ ವಿಷಯವಾಗಿ ಅಣ್ಣ ಗೊಣಗದ ದಿನವಿರಲಿಲ್ಲ. "ನಿನ್ನ ಡಬ್ಬಾ ಸರಿಯೋದನ್ನ ಕಾಯೋದ್ರಲ್ಲೇ ನನ್ನ ಆಯುಸ್ಸು ಮುಗಿಯುತ್ತೆ ಕಣೋ," ಎನ್ನುತ್ತಿದ್ದ. ತಮ್ಮ ಅದನ್ನು ತಮಾಷೆಯೆಂದೇ ತಿಳಿದಿದ್ದ.

ಬೀಗದವನು ವ್ಯಾನನ್ನು ಅಂಗಳದಲ್ಲೇ ಬಿಟ್ಟು, ಬಿಡಿಭಾಗ ತರಲು ಬಸ್ಸಿನಲ್ಲಿ ಪೇಟೆಗೆ ಹೋಗಿದ್ದ ಬೆಳಿಗ್ಗೆ ಕಂಪನಿಯವರು ಗಾಡಿ ಎಳೆಯುವ ಲಾರಿ ತಂದರು. ಗೇಟಿಗೆ ಬೀಗ ಕಂಡು, ಹೊರಗೆ ನಿಂತೇ ಮರ್ಯಾದೆಯಾಗಿ ಕರೆದರು. ಅಣ್ಣ ಕಚೇರಿಗೆ ಹೊರಟವನು ಇಳಿದುಬಂದ. ಎದುರುಮನೆಗಳ ಕಿಟಕಿಗಳಲ್ಲಿ ಆಗಲೇ ತಲೆಗಳು ಕಾಣಿಸಿಕೊಂಡಿದ್ದವು. ಅವನು ಜೇಬಿನಿಂದ ಬೀಗದಕೈ ತೆಗೆದ.

ಬೀಗದವನ ಹೆಂಡತಿ ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದಳು. ಒದ್ದೆಗೈಯಲ್ಲೇ ಓಡಿಬಂದು ವ್ಯಾನಿಗೂ ಲಾರಿಗೂ ನಡುವೆ ನಿಂತು, ಗಂಡ ಬರುವ ತನಕ ಯಾರೂ ಮುಟ್ಟಕೂಡದೆಂದಳು. ಅವಳು ಹಾಗೆಂದದ್ದು ಒಮ್ಮೆಯಲ್ಲ. ಕಂಪನಿಯವರಲ್ಲೊಬ್ಬ, ಮನೆಯ ಹಿರಿಯರು ಒಪ್ಪಿದ್ದಾರಲ್ಲ ಎಂದು ಅವಳನ್ನು ಬದಿಗೆ ಸರಿಸಿದ. ಅವಳು ಭಾವನ ಮುಖ ನೋಡಿದಳು. ಭಾವ ಕಾರಿನ ಗಾಜು ಒರೆಸುತ್ತಿದ್ದ.

ಬೀಗದವನು ಹಿಂದಿರುಗಿದಾಗ ಗೇಟು ಹಾರುಹೊಡೆದಿತ್ತು. ಬೀಗ ಕೊಂಡಿಯಲ್ಲಿ ನೇತಾಡುತ್ತಿತ್ತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ವ್ಯಾನು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು.

ಎಲ್ಲ ಕೇಳಿ ವಕೀಲ ನೆಟ್ಟಗೆ ಕುಳಿತ. ಗೇಟಿನ ವಿಷಯ ಕೈತಪ್ಪಿಹೋಯಿತು, ಆದರೆ ಹೆಂಗಸು ಅಡ್ಡ ನಿಂತು ಬೇಡವೆಂದ ಮೇಲೂ ಎಳೆದದ್ದು ತಪ್ಪು, ಅದೊಂದು ರುಜುವಾತಾದರೆ ಗಾಡಿ ವಾಪಸು ಬಂದೀತು ಎಂದ. ಒಳಗಿನ ಸಾಮಾನಂತೂ ಇವನದೇ, ಅದನ್ನು ಅವರು ಇಟ್ಟುಕೊಳ್ಳುವಂತಿಲ್ಲ. ಎದುರುಮನೆಯವರು ಕಿಟಕಿ ಮುಚ್ಚಿಕೊಂಡು ನಾವೇನೂ ಕಂಡಿಲ್ಲವೆಂದಿದ್ದರು. ಉಳಿದ ಸಾಕ್ಷಿ ಒಬ್ಬನೇ.

ಬೀಗದವನು ಮಹಡಿ ಹತ್ತಿದ. ಅಣ್ಣ ಊಟಕ್ಕೆ ಕುಳಿತಿದ್ದ.

"ಅವಳು ಬೇಡ ಅಂದಳು ಅಂತ ಒಂದು ಮಾತು ಹೇಳು ಸಾಕು, ಅಣ್ಣ. ಗೇಟು ಯಾಕೆ ತೆಗೆದೆ ಅಂತ ನಾನು ಜನ್ಮದಲ್ಲಿ ಕೇಳಲ್ಲ."

ಅಣ್ಣ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಲ್ಲಿ ಜೋರಾಗಿ ಬಿಟ್ಟಿತ್ತು ಕಣೋ. ನಂಗೇನೂ ಕೇಳಿಸ್ಲಿಲ್ಲ."

"ನಿನ್ನ ಪಕ್ಕದಲ್ಲೇ ನಿಂತಿದ್ಳಲ್ಲ."

"ಕೋರ್ಟು ಕಚೇರಿ ಅಂತ ಅಲೆದ್ರೆ ನನ್ನ ಕೆಲಸಕ್ಕೆ ಕುತ್ತು. ಅದೂ ಅಲ್ದೆ ನಾನೇ ಗೇಟು ತೆಗೆದೋನು. ಈಗ ಹೋಗಿ ಏನಂತ ಹೇಳ್ಲಿ?" ಅನ್ನ ಕಲಸುತ್ತ ಸೇರಿಸಿದ: "ಅಂಗಳ ಎಷ್ಟು ವಿಶಾಲವಾಯ್ತು ನೋಡು."

ಬೀಗದವನು ಇಳಿದುಬಂದ.

ಮಾರನೆಯ ದಿನ, ಕಂಪನಿಯವರು ಎಳೆದುತಂದ ಗಾಡಿಗಳನ್ನು ಕೂಡಿಹಾಕುವ ಬಯಲಿಗೆ ಹೋದ. ಅಲ್ಲಿನ ಕಾವಲುಗಾರ, ಸಾಮಾನು ಒಯ್ಯಲು ಅಡ್ಡಿಯಿಲ್ಲ, ಆದರೆ ಗಾಡಿಯ ಬಾಗಿಲಿನ ಕೀ ತನ್ನಲ್ಲಿಲ್ಲವೆಂದು ಕೈ ಅಲ್ಲಾಡಿಸಿದ. ಬೀಗದವನು ತನ್ನದನ್ನು ಹಾಕಿ ಬಾಗಿಲು ತೆರೆದ. ಯಂತ್ರವನ್ನೂ ಅರಗಳನ್ನೂ ಗೊಂಚಲನ್ನೂ ಬಾಡಿಗೆ ಆಟೋಗೆ ಏರಿಸಿ, ಅದೇ ಬಾಗಿಲನ್ನು ಮತ್ತೆ ಭದ್ರವಾಗಿ ಹಾಕಿಬಂದ. ಹಾಗೆ ಯಾಕೆ ಮಾಡಿದನೆಂದು ಅವನಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಗೇಟಿನ ಹಳೆಯ ಬೀಗ ಬಿಚ್ಚಿ ಬೇರೆಯದನ್ನು ಕೂರಿಸಿದ. ಯಂತ್ರವನ್ನು ಅಂಗಳದಲ್ಲಿಟ್ಟು ಬೀಗದಕೈ ಕೊರೆದ. ಹೆಂಡತಿ ಎರಡನೆಯ ಕಚ್ಚಾ ತುಂಡನ್ನು ರೂಢಿಯಂತೆ ಕೈಗೆ ಕೊಡಬಂದಳು. ಅವನು ಅದನ್ನು ಈಸಿಕೊಂಡು ಗೊಂಚಲಿಗೇ ಸಿಕ್ಕಿಸಿದ.

ಸಂಜೆ ಅಣ್ಣನ ಕಾರು ಗೇಟಿನ ಮುಂದೆ ಬಂದು ನಿಂತಿತು. ಅಣ್ಣ ಇಳಿದು ಹಾಕಿದ ಬೀಗದಕೈ ತಿರುಗಲಿಲ್ಲ. ಅವನು ಕಾರಿನ ಹಾರ್ನ್ ಒತ್ತಿದ. ಆಮೇಲೆ ತಮ್ಮನನ್ನು ಹೆಸರು ಹಿಡಿದು ಕೂಗಿದ. ಎದುರುಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

"ರೀ, ಭಾವ ಕರೀತಿದ್ದಾರೆ," ಎಂದಳು ಹೆಂಡತಿ.

ಬೀಗದವನು ಕೊಡವನ್ನು ನಲ್ಲಿಯ ಕೆಳಗಿಟ್ಟು, ನೀರನ್ನು ಪೂರ್ತಿ ಬಿಟ್ಟ.