ಅಲಾರ್ಮ್ ಮಿತಿಯನ್ನು ಮುಟ್ಟಿದವರು

ಮತ್ತೆ ನೋಡಿದ, ಈ ಸಲ ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ, ಪಕ್ಕದ ಸೀಟಿನ ಮನುಷ್ಯ, ರೈಲು ಎರ್ನಾಕುಲಂ ಬಿಟ್ಟಾಗಿನಿಂದ ಪೇಪರಿನ ಅದೇ ಪುಟ ಹಿಡಿದಿದ್ದಾನೆ, ಕಣ್ಣು ಮಾತ್ರ ಇತ್ತ — ಇಂದುಮತಿ ಲ್ಯಾಪ್‌ಟಾಪನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು, ನೋಡಲಿ ಬಿಡು, ಅವನಿಗೇನು ಅರ್ಥವಾಗುತ್ತದೆ, ಆದರೆ ಅರ್ಥವಾಗದವನು ಅಷ್ಟು ಬಗ್ಗಿ ಬಗ್ಗಿ ಯಾಕೆ ನೋಡುತ್ತಾನೆ, ನಿಂಗೆ ಹಾಲಿನ ಪ್ಯಾಕೆಟ್ ಮೇಲೂ ಅನುಮಾನ ಕಣೇ ಎಂದು ಮನೆಯಲ್ಲಿ ಉಮಾಮಹೇಶ್ವರ ನಗುತ್ತಾನೆ, ನಗಲಿ, ಗಂಡಂದಿರ ಕೆಲಸವೇ ಅದು, ರೋಗಿಯ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವಳು ಕಂಡದ್ದನ್ನೆಲ್ಲ ನಂಬುತ್ತ ಕೂತರೆ ಆದೀತೇ. ಹೋದ ವಾರ ಉಳ್ಳೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಇಟ್ಟಿದ್ದ ಯಂತ್ರ ಕೂಗಲೇ ಇಲ್ಲ, ನರ್ಸ್ ಮೇರಿ ಮಿತಿಯನ್ನು ತೊಂಬತ್ತೆರಡಕ್ಕೆ ಇಟ್ಟಿದ್ದಳು, ಅದಕ್ಕಿಂತ ಕೆಳಗಿಳಿದರೆ ಅಲಾರ್ಮ್ ಹೊಡೆಯಬೇಕು, ಅಜ್ಜನೊಬ್ಬನ ಆಮ್ಲಜನಕ ತೊಂಬತ್ತಕ್ಕೆ ಇಳಿಯಿತು, ಪರದೆಯ ಮೇಲೆ ತೊಂಬತ್ತೆರಡು ಎಂಬ ಮಿತಿ ಠೀವಿಯಿಂದ ಕೂತಿದೆ, ಅಲಾರ್ಮ್ ತುಟಿಪಿಟಕ್ಕೆನ್ನಲಿಲ್ಲ, ಮೇರಿ ಅಲ್ಲೇ ನಿಂತಿದ್ದಳೆಂದು ಆ ಅಜ್ಜ ಬಚಾವಾದ, ನಿಂತಿರದಿದ್ದರೆ — ಬೇಡ, ಅದನ್ನು ಯೋಚಿಸುವುದೇ ಬೇಡ.

ಯಾರೋ ಮುಟ್ಟಿದ್ದಾರೆ. ಆ ಮಿತಿ ಎಂಬುದು ಗ್ಲೋಬಲ್ ವೇರಿಯಬಲ್, ಇಡೀ ಪ್ರೋಗ್ರಾಮಿಗೆ ಸೇರಿದ ಒಂದೇ ಅಂಕಿ, ಹಜಾರದ ಗೋಡೆ ಗಡಿಯಾರದ ಹಾಗೆ, ಯಾವ ಕೋಣೆಯವರು ಬಂದು ನೋಡಿದರೂ ಅದೇ ಹೊತ್ತು, ಯಾರು ಬೇಕಾದರೂ ಮುಳ್ಳು ತಿರುಗಿಸಬಹುದು, ಅದೇ ಅದರ ಗೋಳು, ಕೋಣೆಗಳು ಮೂರು, ಅಂದರೆ ಫೈಲುಗಳು, ಪರದೆಯದು ತನ್ನದು, ಅಲಾರ್ಮಿನದು ಪಾವನಾಳದು, ನೆಟ್‌ವರ್ಕಿನದು ತಿರುವನಂತಪುರದ ಕಿಶೋರನದು. ಪರದೆಯ ಫೈಲಿನಿಂದ ಕೇಳಿದರೆ ತೊಂಬತ್ತೆರಡು ಎನ್ನುತ್ತದೆ, ಅಲಾರ್ಮಿನ ಫೈಲಿನಿಂದ ಕೇಳಿದರೆ ಹಳೆಯ ಎಂಬತ್ತೆಂಟು, ನಡುವೆ ಬಂದು ಹಿಂದಕ್ಕೆ ತಿರುಗಿಸಿದವರು ಯಾರು, ತಾನಲ್ಲ, ಪಾವನಾ ಅಲ್ಲ, ಎರ್ನಾಕುಲಂನ ಪಾಲಾರಿವಟ್ಟಂ ಕಚೇರಿಯಲ್ಲಿ ಪಕ್ಕದ ಕುರ್ಚಿಯ ಹುಬ್ಬಳ್ಳಿ ಹುಡುಗಿ, ಶೇಂಗಾ ಚಟ್ನಿಪುಡಿ ಹಂಚಿಕೊಂಡು ತಿನ್ನುವವಳು, ಇನ್ನೂ ಪ್ರೊಬೇಷನ್ ಮುಗಿದಿಲ್ಲ, ಪಾಪ, ಅವಳು ಮುಟ್ಟುತ್ತಾಳೆಯೇ, ಉಳಿದವನು ಒಬ್ಬನೇ. ಓಣಂಗೆ ಚಾಲೈ ಬಜಾರಿನಿಂದ ಬಾಳೆಕಾಯಿ ಉಪ್ಪೇರಿ ಕಳಿಸಿದ್ದನಲ್ಲ, ಎದುರು ಕೂತು ಮಾತಾಡಿರದವನು ಒಂದು ಕಿಲೋ ಚಿಪ್ಸ್ ಯಾಕೆ ಕಳಿಸಬೇಕು, ಆಗಲೇ ಮನಸ್ಸಿಗೆ ಬಂದಿತ್ತು, ತಿಂದದ್ದೂ ಆಯಿತು ಎನ್ನಿ, ರುಚಿಯಾಗಿತ್ತು. ವಿಡಿಯೊ ಕಾಲಿನಲ್ಲಿ ಎಲ್ಲರ ಮುಂದೆ ಕೇಳಿದಾಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎರಡೂ ಅಂಗೈ ಎತ್ತಿ ಕ್ಯಾಮೆರಾಗೆ ತೋರಿಸಿದ, ಚೇಚಿ, ಞಾನ್ ತೊಟ್ಟಿಟ್ಟಿಲ್ಲ, ನಾನು ಸತ್ಯವಾಗಿ ಮುಟ್ಟಿಲ್ಲ ಅಕ್ಕಾ, ಸ್ಕ್ರೀನಿನ ತುಂಬ ಬರೀ ಅಂಗೈ, ಅಷ್ಟು ತೋರಿಸುವ ಅಗತ್ಯವೇನಿತ್ತು, ಮುಟ್ಟದವನು ಸುಮ್ಮನೆ ಇಲ್ಲ ಎನ್ನುತ್ತಾನೆ. ಹನ್ನೊಂದಕ್ಕೆ ಮೀಟಿಂಗ್, ಮ್ಯಾನೇಜರ್ ಜೋಸೆಫ್ ಸರ್ ನಿನ್ನೆಯೇ ತಿರುವನಂತಪುರಕ್ಕೆ ಹೋಗಿ ಕೂತಿದ್ದಾರೆ, ಇಂದುಮತಿ ಹೌದು ಅಂದರೆ ಕಿಶೋರನ ಕಾಂಟ್ರಾಕ್ಟ್ ಇವತ್ತಿಗೆ ಮುಗಿಯಿತು.

ಒಂದು ಸಾಕ್ಷಿ ಕಡಿಮೆ ಇದೆ, ಅದನ್ನು ಗಟ್ಟಿಮಾಡಿಕೊಂಡರೆ ಅವನು ಎಷ್ಟು ಅಂಗೈ ಎತ್ತಿದರೂ ನಡೆಯದು, ಕೊಲ್ಲಂ ದಾಟಿತು, ಕಾಪಿ ಕಾಪಿ ಎನ್ನುತ್ತ ಕಾಫಿಯವನು ಹೋದ, ಮೆಮೊರಿಯಲ್ಲಿ ಆ ಅಂಕಿ ಎಲ್ಲಿ ಕೂತಿದೆ ಎನ್ನುವ ವಿಳಾಸವನ್ನು ಮೂರೂ ಫೈಲಿನಿಂದ ಒಂದೊಂದು ಸಲ ಕೇಳಿಬಿಡೋಣ, ಅಲ್ಲಿಗೆ ಕಾವಲು ಹಾಕಿದರೆ ಕೈಯಿಟ್ಟವನು ಸಿಕ್ಕಿಬೀಳುತ್ತಾನೆ, ಓಡಿಸಿದಳು, ಪರದೆಯ ಫೈಲು ಒಂದು ವಿಳಾಸ ಕೊಟ್ಟಿತು, ಅಲಾರ್ಮಿನದು ಇನ್ನೊಂದು — ಇನ್ನೊಂದೇ? — ಕಿಶೋರನದು ಮತ್ತೊಂದು. ಮತ್ತೆ ಓಡಿಸಿದಳು. ಹಾಗೇ ಬಂತು. ಹಜಾರದಲ್ಲಿ ಗಡಿಯಾರವೇ ಇಲ್ಲ, ಕೋಣೆಗೊಂದು ತೂಗುತ್ತಿದೆ, ಅವಳು ತನ್ನ ಕೋಣೆಯ ಮುಳ್ಳು ತಿರುಗಿಸಿ ಪಕ್ಕದ ಕೋಣೆಯ ಹೊತ್ತು ಬದಲಾಗಲಿಲ್ಲವೆಂದು ಕಳ್ಳನನ್ನು ಹುಡುಕುತ್ತಿದ್ದಾಳೆ. ಮೂವರೂ ಕರೆಸಿಕೊಳ್ಳುವ ಹೆಡರ್ ಫೈಲನ್ನು ತೆರೆದಳು, ಯಾರೂ ತೆರೆಯದ ಫೈಲು ಅದು, ಮಿತಿಯ ಹಿಂದೆ ಸ್ಟ್ಯಾಟಿಕ್ ಎಂಬ ಒಂದು ಪದ, ಅದಿದ್ದರೆ ಕರೆಸಿಕೊಂಡ ಪ್ರತಿ ಫೈಲಿಗೂ ಸ್ವಂತ ಪ್ರತಿ ಸಿಗುತ್ತದೆ, ಅಲ್ಲಿ ಎಕ್ಸ್‌ಟರ್ನ್ ಎಂದಿರಬೇಕಿತ್ತು, ಅಂಕಿ ಬೇರೆಲ್ಲೋ ಇದೆ, ಒಂದೇ ಇದೆ ಎನ್ನುವುದಕ್ಕೆ, ಕಾಲೇಜಿನ ಎರಡನೇ ವರ್ಷದ ಪಾಠ. ಯಾರು ಬರೆದರು ಇದನ್ನು, ಕಿಶೋರ್, ಕಿಶೋರನೇ ಇರಬೇಕು — ಅಲ್ಲ, ಯಂತ್ರ ಆಸ್ಪತ್ರೆಗೆ ಹೋಗುವ ಮೊದಲು ಒಂದು ಮಧ್ಯಾಹ್ನ, ಒಂದೇ ಹೆಸರು ಮೂರು ಕಡೆ ಇದೆ ಎಂದು ಕಂಪ್ಯೂಟರ್ ಬೆಳಗಿನಿಂದ ಗೋಳಾಡುತ್ತಿತ್ತು, ಪಕ್ಕದ ಕುರ್ಚಿ ಗರ್ರನೆ ತಿರುಗಿತು, ಎರರ್ ಹೋತ್ ನೋಡ್ರಿ ಅಕ್ಕಾ, ಒಂದ ಶಬ್ದ ಹಾಕಿದೆ, ಎಲ್ಲಾ ಹೋತು, ಇಂದುಮತಿ ತಲೆ ಎತ್ತದೆ ಜಾಣೆ ಕಣೇ ನೀನು ಎಂದಿದ್ದಳು, ಯಾವ ಶಬ್ದ ಎಂದು ಕೇಳಲಿಲ್ಲ, ಹಾಲಿನ ಪ್ಯಾಕೆಟ್ಟನ್ನು ಮೂರು ಸಲ ಮೂಸುವವಳು ಕೇಳಲಿಲ್ಲ.

ಫೋನು ಹಚ್ಚಿದಳು, ಪಾವನಾ, ಹೆಡರಿನಲ್ಲಿ ಸ್ಟ್ಯಾಟಿಕ್ ಹಾಕಿದ್ದು ನೀನಾ, ಆ ಕಡೆ ಕಚೇರಿಯ ಗದ್ದಲ, ಆಮೇಲೆ ಗದ್ದಲವೂ ಇಲ್ಲ, ಎದ್ದು ಹೊರಗೆ ಹೋಗಿರಬೇಕು, ಹೂಂ ಅಕ್ಕಾ, ಶುಕ್ರವಾರನ ಗೊತ್ತಾತು, ಹೇಳಬೇಕಂತ ಬಂದಿದ್ದೆ, ನೀವು ಕಿಶೋರ್ ಮುಟ್ಯಾನ ಅಂತ ಜೋಸೆಫ್ ಸರ್ ಮುಂದ ಅಷ್ಟು ಖಾತ್ರಿಲೆ ಹೇಳಾಕ್ಹತ್ತಿದ್ರಿ, ನಂಗ ಅಂಜಿಕಿ ಆತು, ಸುಮ್ನಾದೆ. ಶುಕ್ರವಾರ, ಸೋಮವಾರ ಚಟ್ನಿಪುಡಿ ಹಾಕಿದಳಲ್ಲ ತಟ್ಟೆಗೆ, ಇನ್ನೂ ಸ್ವಲ್ಪ ಹಾಕ್ಕೊಳ್ರಿ ಅಂದಳಲ್ಲ, ಗೊತ್ತಿದ್ದೂ, ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಬೈಯುವ ಮೊದಲೇ ಮೆಸೇಜೊಂದು ಟಣ್ ಎಂದಿತು, ಜೋಸೆಫ್ ಸರ್, ಅವಸರ ಬೇಡ ಇಂದುಮತಿ, ತಿಂಡಿ ಮುಗಿಸಿಕೊಂಡು ಬನ್ನಿ, ಕಿಶೋರ್ ಬೆಳಿಗ್ಗೆ ಒಪ್ಪಿಕೊಂಡ, ನನಗೇ ತಿಳಿಯದೆ ಎಲ್ಲೋ ಮುಟ್ಟಿರಬೇಕು, ಕ್ಷಮಿಸಿ ಅಂದ, ಬ್ಯಾಗ್ ತೆಗೆದುಕೊಂಡು ಹೋದ. ಒಪ್ಪಿಕೊಂಡ. ಏನನ್ನು ಒಪ್ಪಿಕೊಂಡ, ಮುಟ್ಟುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲ, ರಾತ್ರಿಯೆಲ್ಲ ತನ್ನ ಫೈಲನ್ನು ಸಾಲು ಸಾಲಾಗಿ ಓದಿರುತ್ತಾನೆ, ಸಿಗದ ತಪ್ಪನ್ನು ತನ್ನದೆಂದೇ ನಂಬಿಬಿಟ್ಟಿರುತ್ತಾನೆ, ಅವಳು ಅಷ್ಟು ಚೆನ್ನಾಗಿ ಅನುಮಾನಪಟ್ಟಿದ್ದಳು. ಪಾವನಾ ಇನ್ನೂ ಲೈನಿನಲ್ಲಿದ್ದಾಳೆ, ಅಕ್ಕಾ, ಅಕ್ಕಾ ಅದೀರೇನ್ರಿ, ಇಂದುಮತಿ ಕತ್ತರಿಸಿ ಕಿಶೋರನ ನಂಬರ್ ಒತ್ತಿದಳು, ರಿಂಗಾಯಿತು, ಎತ್ತು ಮಾರಾಯ, ರಿಂಗಾಯಿತು, ರೈಲು ನಿಧಾನವಾಯಿತು, ಪಕ್ಕದವನು ಪೇಪರ್ ಮಡಿಸಿ ಏನಾದರೂ ತೊಂದರೆಯೇ ಎಂದು ಕೇಳಿದ, ಕೇಳಿಸಲಿಲ್ಲ, ರಿಂಗಾಗುತ್ತಲೇ ಇದೆ, ಕಣ್ಣ ಮುಂದೆ ಮತ್ತೆ ಅವನ ಕುರ್ಚಿ ಹಿಂದಕ್ಕೆ ಸರಿಯಿತು, ಎರಡು ಅಂಗೈ ಮೇಲೆದ್ದವು, ಬೆರಳು ಬಿಚ್ಚಿದ, ಏನನ್ನೂ ಮುಟ್ಟದ ಎರಡು ಅಂಗೈ, ಎರಡು ಅಂಗೈ.